ವಿ-ಕ್ರಾಸ್‌ಗೆ ಹೊಸ ಲೀಫ್, ಹೊಸ ಶಾಕ್: ತೋಟ, ಲೋಡು, ಟ್ರೈಲರ್ ಮೂರಕ್ಕೂ ಹೇಗಿದೆ?

ಪಿಕಪ್ ಇಟ್ಟುಕೊಂಡವರು ಸಸ್ಪೆನ್ಶನ್ ಅಂಗಡಿಗೆ ಹೋದ ಕೂಡಲೇ ಕೇಳುವ ಮಾತು ಒಂದೇ. ಎಷ್ಟು ಇಂಚು ಎತ್ತರ ಆಗುತ್ತದೆ? ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಾಡಿಯ ಮೇಲೆ ದಿನಾ ಎಷ್ಟು ತೂಕ ಇರುತ್ತದೆ ಅನ್ನುವುದೇ ಮೊದಲ ಪ್ರಶ್ನೆ. ವರ್ಷಕ್ಕೊಮ್ಮೆ ಹೇರುವ ಲೋಡು ಲೆಕ್ಕಕ್ಕಿಲ್ಲ. ದಿನಾ ಇರುವುದು ಎಷ್ಟು? ಈ ಉತ್ತರ ಸರಿ ಇದ್ದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ. ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ವೀಲ್ ಡ್ರೈವ್, ಸ್ವಂತ ಬಳಕೆಗೆ. ಟಾರ್ ರಸ್ತೆ ಬಿಟ್ಟರೆ ಮುರಕಲ್ಲಿನ ಚಡವು, ನಡುವೆ ಒಂದು ಮೋರಿ, ಕೆಳಗೆ ಅಡಿಕೆ ತೋಟ. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ ಹಿಡಿದು ಬಿಡುತ್ತದೆ. ಜೂನ್ ಮಳೆ ಜೋರಾಗುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬ್ಯಾರೆಲ್ ಒಂದು ತುಂಬಿದರೆ ನೀರೇ 200 ಕಿಲೋ. ಅದರ ಮೇಲೆ ಪಂಪು, ಪೈಪು, ಏಣಿ. ಕೊಯ್ಲಿನ ನಂತರ ಅಡಿಕೆ ಗೋಣಿ. ಸುಲಿಯುವ ಮೆಷಿನನ್ನು ಭಾವನ ಮನೆಗೂ ನಮ್ಮ ಮನೆಗೂ ಎಳೆದುಕೊಂಡು ಹೋಗಲು ಎರಡು ಚಕ್ರದ ಟ್ರೈಲರ್ ಬೇರೆ ಇದೆ. ಅಂದರೆ ಕಚ್ಚಾ ದಾರಿ, ಹೊರೆ, ಎಳೆತ ಮೂರೂ ನಮಗೆ ಬೇಕು.

ವಿ-ಕ್ರಾಸ್‌ಗೆ ಮುಂದೆ ಡಬಲ್ ವಿಶ್‌ಬೋನ್, ಕಾಯಿಲ್ ಸ್ಪ್ರಿಂಗ್. ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ನಮ್ಮ ಮೆಕ್ಯಾನಿಕ್ ಬಾಯಲ್ಲಿ ಪ್ಲೇಟ್ ಸೆಟ್ಟು. ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಕಾಲ ಕಳೆದಂತೆ ಹಿಂದಿನ ಪ್ಲೇಟ್ ಸೋತವು. ಬ್ಯಾರೆಲ್ ಹಾಕಿ ಮೋರಿ ದಾಟುವಾಗ ಬಂಪ್ ಸ್ಟಾಪ್ ರಬ್ಬರ್ ಹೋಗಿ ಆಕ್ಸಲ್‌ಗೆ ಬಡಿಯುವ ಸದ್ದು ಕೇಳಲು ಶುರುವಾಯಿತು. ರಾತ್ರಿ ಅಡಿಕೆ ಹಾಕಿ ಬರುವಾಗ ಎದುರಿನವರೆಲ್ಲ ಲೈಟ್ ಡಿಮ್ ಮಾಡಿ ಅಂತ ಮಿನುಗಿಸುತ್ತಿದ್ದರು. ನಾನು ಡಿಮ್ಮಿನಲ್ಲೇ ಇದ್ದೆ. ಹಿಂಬದಿ ಕುಸಿದು ಮುಂದಿನ ಮೂತಿ ಮೇಲಾಗಿತ್ತು, ಅಷ್ಟೇ.

ನಿಮ್ಮ ಗಾಡಿಗೂ ಇದೇ ಆಗಿದೆಯಾ ಅಂತ ನೋಡಲು ಒಂದು ಟೇಪ್ ಸಾಕು. ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಚಕ್ರಕ್ಕೆ. ಒಮ್ಮೆ ಖಾಲಿ, ಒಮ್ಮೆ ನಿಮ್ಮ ದಿನನಿತ್ಯದ ಲೋಡು ಹಾಕಿ. ಟಯರಿನ ಗಾಳಿ ಹೆಚ್ಚುಕಮ್ಮಿ ಆದರೂ ಈ ಅಳತೆ ಬದಲಾಗುವುದಿಲ್ಲ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಸೆಟ್ಟು ಹಾಕಿದ ಮೇಲೆ ಇದೇ ಚೀಟಿ ಹಿಡಿದು ಪುನಃ ಅಳೆಯಬೇಕು.

ನಾನು ಮೊದಲು ಹೋಗಿದ್ದು ಪೇಟೆಯ ಒಂದು ದೊಡ್ಡ ಅಂಗಡಿಗೆ. ಅವರು ಲೋಡಿನ ವಿಷಯ ಕೇಳಲೇ ಇಲ್ಲ. ಮೂರು ಇಂಚು ಎತ್ತರದ ಕಿಟ್ ತೋರಿಸಿ ಫೋಟೋ ತೋರಿಸಿದರು. ನೋಡಲು ಚಂದವೇ. ಆದರೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್ ಇರುವ ಗಾಡಿಯನ್ನು ಎರಡು ಇಂಚಿಗಿಂತ ಜಾಸ್ತಿ ಎತ್ತಿದರೆ ಡ್ರೈವ್ ಶಾಫ್ಟ್ ಓರೆಯಾಗಿ ಅದರ ತುದಿಯ ಸಿವಿ ಜಾಯಿಂಟ್ ಬೇಗ ಸವೆಯುತ್ತದೆ. ಅಲೈನ್‌ಮೆಂಟ್ ಸರಿ ಕೂರಿಸಲು ಮೇಲಿನ ಕಂಟ್ರೋಲ್ ಆರ್ಮನ್ನೂ ಬದಲಿಸಬೇಕಾಗಿ ಬರಬಹುದು. ಚಡವಿನಲ್ಲಿ ಫೋರ್ ವೀಲ್ ಹಾಕಿ ಹತ್ತುವವರಿಗೆ ಇದು ಸಣ್ಣ ವಿಷಯ ಅಲ್ಲ. ನಾನು ಅಲ್ಲಿಂದ ಎದ್ದು ಬಂದೆ.

ನಮ್ಮ ಊರಿನ ಹತ್ತಿರದ ಮೆಕ್ಯಾನಿಕ್ ಕೇಳಿದ ಪ್ರಶ್ನೆಯೇ ಬೇರೆ. "ಭಟ್ರೇ, ದಿನಾ ಎಷ್ಟು ಲೋಡು ಹಾಕ್ತೀರಿ, ಸರಿ ಹೇಳಿ. ಅಮ್ಮನನ್ನ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವ ದಿನದ್ದೂ ಹೇಳಿ." ಈ ಎರಡನೇ ಮಾತಿಗಾಗಿಯೇ ಕೆಲಸ ಅವರಿಗೆ ಕೊಟ್ಟೆ.

ಹಿಂಬದಿ ಗಟ್ಟಿ ಮಾಡಲು ಮೂರು ದಾರಿ ಇದೆ. ಇದ್ದ ಸೆಟ್ಟಿಗೆ ಒಂದು ಪ್ಲೇಟ್ ಜಾಸ್ತಿ ಹಾಕುವುದು ಅಗ್ಗದ್ದು. ನಮ್ಮಲ್ಲಿ ಕಲ್ಲು, ಮರಳು ಹೊರುವ ಪಿಕಪ್‌ನವರು ಬಹಳ ಮಂದಿ ಇದನ್ನೇ ಮಾಡುತ್ತಾರೆ. ದಿನವಿಡೀ ಲೋಡಿನಲ್ಲೇ ಓಡುವ ಗಾಡಿಗೆ ಅದು ಸರಿ. ಖಾಲಿ ಓಡಿಸಿದರೆ ಹಿಂಬದಿ ಕುಣಿಯುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಡಿತವೂ ಕಮ್ಮಿ. ಸೋತ ಪ್ಲೇಟ್‌ಗಳ ಜೊತೆ ಒಂದು ಹೊಸದು ಸೇರಿದರೆ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ.

ಇನ್ನೊಂದು ಏರ್‌ಬ್ಯಾಗ್. ಆಕ್ಸಲ್‌ಗೂ ಚಾಸಿಗೂ ನಡುವೆ ಕೂರಿಸುವ ರಬ್ಬರ್ ಚೀಲ. ಲೋಡು ಇದ್ದಾಗ ಗಾಳಿ ತುಂಬಿಸಿ ಎತ್ತರ ಸರಿಮಾಡಬಹುದು, ಇಳಿಸಿದಾಗ ಗಾಳಿ ಬಿಡಬಹುದು. ಕೇಳಲು ಇದೇ ಒಳ್ಳೆಯದು ಅನಿಸುತ್ತದೆ, ಅಲ್ವಾ? ಆದರೆ ಲೀಫ್ ಸ್ಪ್ರಿಂಗ್ ಭಾರವನ್ನು ಚಾಸಿಯ ಎರಡು ಕಡೆಗೆ, ಮುಂದಿನ ಹ್ಯಾಂಗರ್‌ಗೂ ಹಿಂದಿನ ಶ್ಯಾಕಲ್‌ಗೂ (ಪ್ಲೇಟಿನ ತುದಿ ಹಿಡಿಯುವ ಕೊಂಡಿ), ಹಂಚುತ್ತದೆ. ಏರ್‌ಬ್ಯಾಗ್ ನಡುವೆ ಒಂದೇ ಕಡೆ ಎತ್ತಿ ಹಿಡಿಯುತ್ತದೆ. ಆಕ್ಸಲ್‌ನ ಹಿಂದೆ ಭಾರ ಜಾಸ್ತಿಯಾಗಿ, ಟ್ರೈಲರೂ ಕಟ್ಟಿ, ಗುಂಡಿಯಲ್ಲಿ ಜೋರಾಗಿ ಇಳಿದರೆ ಚಾಸಿಯೇ ಅಲ್ಲಿ ಬಾಗಬಹುದು. ಆಸ್ಟ್ರೇಲಿಯಾದಲ್ಲಿ ಡಬಲ್ ಕ್ಯಾಬ್ ಪಿಕಪ್‌ಗಳು ಹೀಗೆ ಬಾಗಿದ್ದು ಗೊತ್ತಿರುವ ವಿಷಯ. ಸಮ ರಸ್ತೆಯಲ್ಲಿ ಮಿತಿಯೊಳಗೆ ಹೊರುವವರಿಗೆ ಏರ್‌ಬ್ಯಾಗ್ ಆದೀತು. ನಮ್ಮ ಮೋರಿಗೆ ಬೇಡ.

ನಾನು ಹಾಕಿಸಿದ್ದು ಮೂರನೆಯದು, ಪೂರ್ತಿ ಹೊಸ ಪ್ಲೇಟ್ ಸೆಟ್ಟು. ಆಸ್ಟ್ರೇಲಿಯಾದ ಕಿಟ್‌ಗಳನ್ನು ಸದಾ ಇರುವ ಭಾರದ ಲೆಕ್ಕದಲ್ಲಿ ಮಾರುತ್ತಾರೆ. ಖಾಲಿಗೆ ಒಂದು, ಮಧ್ಯಮಕ್ಕೆ ಒಂದು, ಭಾರಕ್ಕೆ ಒಂದು. ನಾನು ಮಧ್ಯಮದ್ದು ತೆಗೆದುಕೊಂಡೆ. ಹಿಂದಿನ ತೊಟ್ಟಿಯ ಮೇಲೆ ಶಾಶ್ವತ ಕ್ಯಾನೊಪಿ (ಗಟ್ಟಿ ಮುಚ್ಚಳ), ಸಾಮಾನಿನ ಪೆಟ್ಟಿಗೆ ಇದ್ದವರು ಮಾತ್ರ ಭಾರದ್ದಕ್ಕೆ ಹೋಗಿ. ಮುಂದಿನ ಕಾಯಿಲ್ ಆರಿಸುವಾಗ ಒಂದು ಎಚ್ಚರ. ಹೊರದೇಶದ ಪಟ್ಟಿಯಲ್ಲಿ ಬುಲ್‌ಬಾರ್ (ಮುಂದಿನ ಕಬ್ಬಿಣದ ಗಾರ್ಡು), ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರುವ ಗಾಡಿಗೆ ಅಂತ ಗಟ್ಟಿ ಕಾಯಿಲ್ ಇರುತ್ತದೆ. ನಮ್ಮಲ್ಲಿ ಬುಲ್‌ಬಾರ್ ಹಾಕುವಂತಿಲ್ಲ. ಆ ಭಾರವೇ ಇಲ್ಲದ ಮೂತಿಗೆ ಆ ಕಾಯಿಲ್ ಹಾಕಿದರೆ ಮುಂದೆ ಕಟ್ಟಿಗೆಯಂತಾಗುತ್ತದೆ. ಹಗುರದ್ದೇ ಸಾಕು.

ಈಗ ಬ್ಯಾರೆಲ್ ತುಂಬಿಸಿದರೂ ಗಾಡಿ ಹೆಚ್ಚುಕಮ್ಮಿ ಸಮ ನಿಲ್ಲುತ್ತದೆ. ಮೋರಿಯಲ್ಲಿ ಬಡಿಯುವ ಸದ್ದು ಹೋಗಿದೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಅಡ್ಕಸ್ಥಳದ ಕಡೆಗೆ ಗೋಣಿ ಹಾಕಿಕೊಂಡು ಹೋಗುವಾಗ ತಿರುವಿನಲ್ಲಿ ಮೈ ವಾಲುವುದು ತುಂಬಾ ಕಮ್ಮಿ. ಅರ್ಧ ತುಂಬಿದ ಬ್ಯಾರೆಲಿನ ನೀರು ಆಚೀಚೆ ತುಳುಕುವುದನ್ನು ಮಾತ್ರ ಯಾವ ಸಸ್ಪೆನ್ಶನೂ ನಿಲ್ಲಿಸುವುದಿಲ್ಲ. ತುಂಬಿಸಿಯೇ ಒಯ್ಯಬೇಕು, ಇಲ್ಲವೇ ಖಾಲಿ ಒಯ್ದು ತೋಟದಲ್ಲೇ ತುಂಬಿಸಬೇಕು. ಖಾಲಿ ಗಾಡಿಯಲ್ಲಿ ಹಂಪು ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ತಾಗುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮ ಕೂತರೆ ನಾನು ನಿಧಾನ ಮಾಡುತ್ತೇನೆ. ಭಾರದ ಸೆಟ್ಟು ಹಾಕಿದ್ದರೆ ಅವರನ್ನು ಕೂರಿಸಲು ಆಗುತ್ತಿರಲಿಲ್ಲ.

ಚಡವಿನ ವಿಷಯ ಬೇರೆ. ಅಲ್ಲಿ ಗಟ್ಟಿಗಿಂತ ಬಾಗುವಿಕೆ ಮುಖ್ಯ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಗುಂಡಿಯಲ್ಲಿ ಇದ್ದಾಗ ಪ್ಲೇಟ್ ಬಾಗಿ ಚಕ್ರವನ್ನು ನೆಲಕ್ಕೆ ಒತ್ತಬೇಕು. ಪ್ಲೇಟ್ ತೀರಾ ಗಟ್ಟಿಯಾದರೆ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಡಿಫ್ ಲಾಕ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಬೀಗ) ಇಲ್ಲದ ಗಾಡಿಯಲ್ಲಿ ಆ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಪಾಚಿ ಹಿಡಿದ ಮುರಕಲ್ಲಿನ ಮೇಲೆ ಇದು ಅಪಾಯವೂ ಹೌದು. ಮಧ್ಯಮ ಸೆಟ್ಟು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಹೊರೆಗೂ ಚಡವಿಗೂ ಒಂದೇ ಗಾಡಿ ಅನ್ನುವವರಿಗೆ ನಾನು ಮಧ್ಯಮವನ್ನೇ ಹೇಳುತ್ತೇನೆ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಇದನ್ನು ಎಷ್ಟು ಮಂದಿಗೆ ಹೇಳಿದರೂ ಸಾಲದು. ಗ್ಯಾಸ್ ಶಾಕ್ ಹಾಕಿದರೆ ಲೋಡು ಜಾಸ್ತಿ ಹಾಕಬಹುದು ಅಂತ ನಂಬಿದವರಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದಂತೆ ಹಿಡಿಯುವುದು ಶಾಕ್. ಕಚ್ಚಾ ರಸ್ತೆಯಲ್ಲಿ ತುಂಬಾ ಹೊತ್ತು ಓಡಿದರೆ ಒಳಗಿನ ಎಣ್ಣೆ ಬಿಸಿಯಾಗುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ, ಹಿಡಿತ ಹೋಗುತ್ತದೆ. ಅದನ್ನು ತಡೆಯಲು ನೈಟ್ರೋಜನ್ ತುಂಬಿಸುತ್ತಾರೆ. ಮೊನೊಟ್ಯೂಬ್ ಶಾಕ್‌ನಲ್ಲಿ ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ, ಬೇಗ ತಣಿಯುತ್ತದೆ. ಬಿಲ್‌ಸ್ಟೈನ್ ಕಂಪನಿ ಹೆಸರಾಗಿರುವುದು ಇದಕ್ಕೇ. ಆದರೆ ಅದರ ಹೊರಗಿನ ಕೊಳವೆಯೇ ಪಿಸ್ಟನ್ ಓಡುವ ಕೊಳವೆ. ಕಲ್ಲು ಹಾರಿ ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆ ಎರಡು. ಹೊರಗಿನದ್ದಕ್ಕೆ ಪೆಟ್ಟಾದರೂ ಒಳಗಿನದ್ದು ಉಳಿಯುತ್ತದೆ. ಓಲ್ಡ್ ಮ್ಯಾನ್ ಎಮುವಿನ ನೈಟ್ರೋಚಾರ್ಜರ್ ಈ ಜಾತಿ. ಐರನ್‌ಮ್ಯಾನ್, ಟಫ್ ಡಾಗ್‌ನವರ ಫೋಮ್ ಸೆಲ್‌ನಲ್ಲಿ ಗ್ಯಾಸಿನ ಬದಲು ಫೋಮ್ ಇರುತ್ತದೆ. ಹೆದ್ದಾರಿ ಓಟ ಜಾಸ್ತಿ ಇದ್ದವರು ಮೊನೊಟ್ಯೂಬ್ ನೋಡಿ. ನಮ್ಮ ದಾರಿಯಲ್ಲಿ ಕಲ್ಲೇ ಜಾಸ್ತಿ, ಹಾಗಾಗಿ ಟ್ವಿನ್ ಟ್ಯೂಬ್ ಆರಿಸಿದೆ.

ಟ್ರೈಲರಿಗೆ ಬರೋಣ. ಟ್ರೈಲರಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಗಾಡಿಯ ಹಿಂದಿನ ಎಳೆಯುವ ಕೊಕ್ಕೆಯ ಮೇಲೆ ಕೂರಬೇಕು. 600 ಕಿಲೋ ಟ್ರೈಲರ್ ಆದರೆ 60 ಕಿಲೋ. ಕೊಕ್ಕೆ ಹಿಂದಿನ ಆಕ್ಸಲ್‌ಗಿಂತಲೂ ತುಂಬಾ ಹಿಂದೆ ಇರುವುದರಿಂದ ಸನ್ನೆಕೋಲಿನ ಲೆಕ್ಕ ಬರುತ್ತದೆ. ಹಿಂದಿನ ಚಕ್ರಕ್ಕೆ 60ಕ್ಕಿಂತ ಜಾಸ್ತಿ ಬೀಳುತ್ತದೆ, ಆ ಜಾಸ್ತಿಯಾದಷ್ಟು ಮುಂದಿನ ಚಕ್ರ ಹಗುರ ಆಗುತ್ತದೆ. ಮೆಷಿನನ್ನು ಟ್ರೈಲರಿನ ಹಿಂಬದಿಗೆ ತಳ್ಳಿ ಕೊಕ್ಕೆಯ ಭಾರ ಕಮ್ಮಿ ಮಾಡಲು ಹೋಗಬೇಡಿ. ಆಗ ಟ್ರೈಲರ್ ಇಳಿಜಾರಿನಲ್ಲಿ ಬಾಲ ಬೀಸಲು ಶುರು ಮಾಡುತ್ತದೆ. ಹೊಸ ಶಾಕ್ ಬಂದ ಮೇಲೆ ಎಳೆತದಲ್ಲಿ ಹಿಂದು-ಮುಂದು ತೂಗುವುದು ಚೆನ್ನಾಗಿ ಕಮ್ಮಿಯಾಗಿದೆ. ನಿಲ್ಲಿಸುವ ದೂರ ಮಾತ್ರ ಕಮ್ಮಿಯಾಗಿಲ್ಲ, ಆಗುವುದೂ ಇಲ್ಲ. ಅದು ಬ್ರೇಕಿನ ಕೆಲಸ.

ಬ್ರೇಕ್ ಅಂದಾಗ ಇದನ್ನು ಹೇಳಲೇಬೇಕು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಲೋಡು ಬಿದ್ದು ಹಿಂಬದಿ ಕುಸಿದಾಗ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುವ ವಾಲ್ವಿನ ಕಡ್ಡಿ ಅದು. ಹಿಂಬದಿ ಎತ್ತರ ಮಾಡಿ ಕಡ್ಡಿಯನ್ನು ಹಾಗೇ ಬಿಟ್ಟರೆ, ಲೋಡು ಇದ್ದರೂ ವಾಲ್ವಿಗೆ ಗಾಡಿ ಖಾಲಿ ಇದ್ದ ಲೆಕ್ಕ. ಹಿಂದಿನ ಬ್ರೇಕ್ ಕಮ್ಮಿ ಹಿಡಿಯುತ್ತದೆ. ನಿಮ್ಮ ಗಾಡಿಗೆ ಇದು ಇದೆಯಾ, ಇದ್ದರೆ ಹೊಸ ಎತ್ತರಕ್ಕೆ ಸರಿಮಾಡಿದ್ದಾರಾ, ಮೆಕ್ಯಾನಿಕ್ ಹತ್ತಿರ ಕೇಳಿ, ಕಣ್ಣಾರೆ ನೋಡಿ.

ಸ್ಪ್ರಿಂಗ್ ಗಟ್ಟಿಯಾದರೆ ಹೊರುವ ಹಕ್ಕು ಜಾಸ್ತಿಯಾಗುವುದಿಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಕೂತವರೂ ಸೇರಿದರು, ಕೊಕ್ಕೆಯ ಭಾರವೂ ಸೇರಿತು. ಐದು ಸೀಟಿನ ಪಿಕಪ್‌ಗಳಲ್ಲಿ ಉಳಿಯುವುದು ನೀವು ಅಂದುಕೊಂಡಷ್ಟು ಇರುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಎಲ್ಲ ಹಳೆಯವೇ ತಾನೇ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ. ಕೇರಳದಿಂದ ಹೋದ ಕೇಸಿನಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಹೇಳಿತು. ಕೆಎಲ್ 14 ನಂಬರಿನವರು ಎತ್ತರದ ಕಿಟ್‌ಗೆ ದುಡ್ಡು ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ಇನ್ಶೂರೆನ್ಸಿನವರಿಗೂ ತಿಳಿಸಿ.

ನಾಲ್ಕೂ ಮೂಲೆಗೆ ಹೊರದೇಶದ ಕಿಟ್ ಅಂದರೆ ಲಕ್ಷ ರೂಪಾಯಿಯ ಆಸುಪಾಸು, ಕೆಲವು ಅದಕ್ಕೂ ಜಾಸ್ತಿ. ಅಷ್ಟು ಒಮ್ಮೆಗೇ ಆಗದಿದ್ದರೆ ಮೊದಲು ಹಿಂದಿನ ಪ್ಲೇಟ್, ಹಿಂದಿನ ಶಾಕ್ ಮಾಡಿಸಿ. ಮುಂದಿನದು ಆಮೇಲೆ ಆದೀತು. ಪ್ಲೇಟ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಮಾತ್ರ ಹಳೆಯದನ್ನು ಪುನಃ ಹಾಕಲು ಬಿಡಬೇಡಿ. ಒಮ್ಮೆ ಬಿಗಿದಾಗ ಅದು ಎಳೆದು ಉದ್ದವಾಗಿರುತ್ತದೆ. ಹೊಸದನ್ನೂ ಮೊದಲ 500 ಕಿಲೋಮೀಟರ್ ಆಸುಪಾಸಿನಲ್ಲಿ ಒಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗಿಸಬೇಕು. ಅಲೈನ್‌ಮೆಂಟ್, ಹೆಡ್‌ಲೈಟ್ ಎರಡನ್ನೂ ಅದೇ ದಿನ ಸರಿಮಾಡಿಸಿ. ಮಳೆಗಾಲದಲ್ಲಿ ಕಿರುಗುಟ್ಟುವ ಸದ್ದು ಬಂದರೆ ಕೂಡಲೇ ಬುಶ್ (ಪ್ಲೇಟಿನ ತುದಿಯೊಳಗಿನ ಬಳೆ) ಬದಲಿಸಲು ಹೋಗಬೇಡಿ. ಪ್ಲೇಟ್‌ಗಳ ನಡುವೆ ಸಿಕ್ಕಿದ ಕೆಂಪು ಮಣ್ಣನ್ನು ನೀರು ಹೊಡೆದು ತೆಗೆಯಿರಿ, ಗ್ರೀಸ್ ನಿಪ್ಪಲ್ ಇದ್ದರೆ ಶ್ಯಾಕಲ್‌ಗೆ ಗ್ರೀಸ್ ಹೊಡೆಸಿ. ಆಮೇಲೂ ಸದ್ದು ಇದ್ದರೆ ಅದು ಬುಶ್ಶಿನದ್ದು ಇರಬಹುದು.