ನಾರುವ ನದಿಯನ್ನು ಗದ್ದಲದ ನದಿಯಾಗಿಸಿದ ನಿಘಂಟು ಆ್ಯಪ್

ಅನುವಾದದ ಕೆಲಸಕ್ಕೆಂದು ಇಂಗ್ಲಿಷ್-ಕನ್ನಡ ನಿಘಂಟಿನ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿ ಆರು ತಿಂಗಳಾಯಿತು. ಇಂಟರ್ನೆಟ್ ಇಲ್ಲದೆಯೂ ಅದು ತೆರೆದುಕೊಳ್ಳುತ್ತದೆ. ನಿತ್ಯ ಬಳಕೆಯ ಪದಗಳಿಗೆ ಕೊಡುವ ಅರ್ಥಗಳಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ. ತೊಡಕಿರುವುದು ಅಪರೂಪದ ಗುಣವಾಚಕಗಳಲ್ಲಿ.

ಲಂಡನ್ನಿನಲ್ಲಿ 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದ ಪ್ರಸಂಗವನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಊರಿನ ಕೊಳಚೆಯೆಲ್ಲ ನದಿಗೇ ಸೇರಿ, ಬಿಸಿಲಿಗೆ ಕೊಳೆತು, ದಡದಲ್ಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ತೂಗುಹಾಕಬೇಕಾಗಿ ಬಂದ ಕಾಲ ಅದು. ಲೇಖಕರು ಆ ನದಿಗೆ ‘ನಾಯ್ಸಮ್’ ಎಂಬ ವಿಶೇಷಣ ಹಚ್ಚಿದ್ದರು. ಆ್ಯಪ್ ತೋರಿಸಿದ ಅರ್ಥ ‘ಗದ್ದಲದ, ಸದ್ದು ಮಾಡುವ’. ನದಿಯೆಂದ ಮೇಲೆ ಭೋರ್ಗರೆಯುವುದು ಸಹಜವೇ ಆದ್ದರಿಂದ ಅನುಮಾನಿಸದೆ ‘ಗದ್ದಲದ ನದಿ’ ಎಂದು ಬರೆದು ಮುಂದೆ ಹೋದೆ. ಕರಡು ತಿದ್ದುವಾಗ, ಸದ್ದಿಗೆ ಹೆದರಿ ಯಾರಾದರೂ ಪರದೆಯನ್ನು ಅದ್ದುತ್ತಾರೆಯೇ ಎಂಬ ಪ್ರಶ್ನೆ ಎದ್ದು, ಅಟ್ಟದ ಮೇಲಿದ್ದ ಅಚ್ಚಿನ ನಿಘಂಟನ್ನು ಇಳಿಸಿದೆ.

ಸದ್ದು ಎಂಬರ್ಥದ ‘ನಾಯ್ಸ್’ಗೂ ಈ ಪದಕ್ಕೂ ನಂಟಿಲ್ಲ. ಪೀಡಿಸು ಎಂಬರ್ಥದ ‘ಅನಾಯ್’ ಕ್ರಿಯಾಪದದ ಮೊದಲಕ್ಷರ ಉದುರಿ ಮಧ್ಯಕಾಲದ ಇಂಗ್ಲಿಷಿನಲ್ಲಿ ‘ನಾಯ್’ ಆಗಿತ್ತು; ಅದಕ್ಕೆ ‘ಸಮ್’ ಪ್ರತ್ಯಯ ಸೇರಿದೆ. ಮೊದಲು ಇದಕ್ಕಿದ್ದ ಅರ್ಥ ‘ಕೇಡು ತರುವ’ ಎಂಬುದು. 1611ರ ಇಂಗ್ಲಿಷ್ ಬೈಬಲಿನ 91ನೆಯ ಕೀರ್ತನೆಯಲ್ಲಿ ವ್ಯಾಧಿಗೆ ಇದೇ ವಿಶೇಷಣವಿದೆ. ಈಗ ಹೆಚ್ಚಾಗಿ ಹೊಟ್ಟೆ ತೊಳಸುವ ವಾಸನೆಗೇ ಇದನ್ನು ಬಳಸುತ್ತಾರೆ. ಅದೂ ಬರಹದಲ್ಲಿ, ಚರಂಡಿ, ಹೊಗೆ, ತಿಪ್ಪೆಗಳ ಮಾತು ಬಂದಾಗ. ಕನ್ನಡದಲ್ಲಿ ‘ಗಬ್ಬು ನಾರುವ’ ಎಂಬುದೇ ಸರಿಯೆಂದು ನನ್ನ ಅಭಿಪ್ರಾಯ. ‘ದುರ್ಗಂಧಯುಕ್ತ’ ಎಂದು ಬರೆದರೆ ಓದುಗರಿಗೆ ಮೂಗು ಮುಚ್ಚಿಕೊಳ್ಳಬೇಕೆಂದೇ ಅನಿಸುವುದಿಲ್ಲ.

ಆಮೇಲೆ ಬೇಕೆಂದೇ ಇನ್ನಷ್ಟು ಪದಗಳನ್ನು ಹುಡುಕಿದೆ. ಹಿಡಿತಕ್ಕೆ ಸಿಗದೆ ಚಡಪಡಿಸುವ ಎಂಬರ್ಥದ ‘ರೆಸ್ಟಿವ್’ಗೆ ಆ್ಯಪಿನಲ್ಲಿ ‘ವಿಶ್ರಾಂತಿಯಲ್ಲಿರುವ’ ಎಂದಿದೆ. ‘ಕ್ರೆಪಸ್ಕ್ಯುಲರ್’ಗೆ ‘ಮುಸ್ಸಂಜೆಯ’ ಎಂದು ಒಪ್ಪುವಂಥ ಅರ್ಥವನ್ನೇ ಕೊಟ್ಟಿದೆ, ನಸುಕನ್ನು ಮಾತ್ರ ಬಿಟ್ಟಿದೆ. ಬೇರೊಂದು ಪದದಂತೆ ಕಾಣುವ ಪದ ಎದುರಾದಾಗಲೇ ಇದು ಎಡವುತ್ತದೆ. ಒಂದೊಂದು ಉದಾಹರಣೆ ವಾಕ್ಯವಿದ್ದಿದ್ದರೂ ಈ ತಪ್ಪುಗಳು ತಾವಾಗಿ ಬಯಲಾಗುತ್ತಿದ್ದವು.

ಶಾಲೆಯ ಮಕ್ಕಳ ಮನೆಗೆಲಸಕ್ಕೆ ಈ ಆ್ಯಪ್ ಸಾಕು. ಹಳೆಯ ಇಂಗ್ಲಿಷ್ ಗದ್ಯ ಓದುವವರು ದುಡ್ಡು ಕೊಡುವುದು ಬೇಡ. ಐದರಲ್ಲಿ ಎರಡು ಅಂಕ ಕೊಡುತ್ತೇನೆ. ತಪ್ಪನ್ನು ವಿವರಿಸಿ ಆ್ಯಪಿನವರಿಗೆ ಎರಡು ಸಲ ಬರೆದೆ. ಎರಡು ಸಲವೂ ಧನ್ಯವಾದ ಬಂತು, ಥೇಮ್ಸ್ ಮಾತ್ರ ಅವರ ಲೆಕ್ಕದಲ್ಲಿ ಇನ್ನೂ ಗದ್ದಲ ಮಾಡುತ್ತಲೇ ಇದೆ.