ಸ್ಟೋನ್‌ಹೆಂಜ್ ಟಿಕೆಟ್: ಹಗ್ಗದ ಹೊರಗೆ ನಿಂತು ಎಷ್ಟು ಕಾಣುತ್ತದೆ?

ಲಂಡನ್ನಿನಲ್ಲಿರುವ ಮಕ್ಕಳ ಮನೆಗೆ ಬಂದ ಅಪ್ಪ–ಅಮ್ಮಂದಿರನ್ನು ಇಂಗ್ಲೆಂಡಿನ ಪ್ರಾಚೀನ ಕಲ್ಲುವರ್ತುಲವಾದ ಸ್ಟೋನ್‌ಹೆಂಜ್‌ಗೆ ಕರೆದುಕೊಂಡು ಹೋಗುವುದು ಈಗ ವಾಡಿಕೆಯೇ ಆಗಿದೆ. ಹೋಗಿ ಬಂದವರಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು: ‘ಇಷ್ಟು ದುಡ್ಡು ಕೊಟ್ಟು ದೂರದಿಂದ ಕಲ್ಲು ನೋಡಿ ಬಂದೆವು.’ ಈ ದೂರಿನಲ್ಲಿ ಹುರುಳಿಲ್ಲದಿಲ್ಲ. ಸಾಮಾನ್ಯ ಟಿಕೆಟ್ ಕೊಂಡವರು ಕಲ್ಲುಗಳ ನಡುವೆ ಕಾಲಿಡುವಂತಿಲ್ಲ, ಹಗ್ಗದಾಚೆಯ ದಾರಿಯಲ್ಲಿ ಸುತ್ತು ಬರಬೇಕು. ಆದರೂ ಆ ಟಿಕೆಟ್ಟಿಗೆ ಬೆಲೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನೀವು ಯಾವುದನ್ನು ಮೊದಲು ನೋಡುತ್ತೀರಿ, ಯಾವ ದಿಕ್ಕಿನಿಂದ ಕಲ್ಲುಗಳ ಹತ್ತಿರ ಬರುತ್ತೀರಿ ಎಂಬುದರ ಮೇಲೆ ನಿಂತಿದೆ. ಈ ಜಾಗವನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಅದರ ಕೊರತೆ ಒಂದೇ: ಬಂದವರನ್ನು ಬೇಗ ಕಲ್ಲಿನ ಮುಂದೆ ನಿಲ್ಲಿಸಿ, ಬೇಗ ವಾಪಸ್ ಕರೆತರುವ ಹಾಗೆ ಅದು ರೂಪುಗೊಂಡಿದೆ.

ಮೊದಲು ಟಿಕೆಟ್ಟಿನ ವಿಷಯ. ಬಾಗಿಲಲ್ಲಿ ಕೊಳ್ಳುವುದಕ್ಕಿಂತ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಅಗ್ಗ, ಪ್ರವೇಶದ ಹೊತ್ತೂ ಖಚಿತವಾಗುತ್ತದೆ. ಇಂಗ್ಲಿಷ್ ಹೆರಿಟೇಜ್ ಸದಸ್ಯರಿಗೂ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸದಸ್ಯರಿಗೂ ಪ್ರವೇಶ ಉಚಿತ, ಆದರೂ ಅವರು ಹೊತ್ತು ಕಾಯ್ದಿರಿಸಿಕೊಂಡು ಹೋಗುವುದೇ ಲೇಸು. ಊರಿನಿಂದ ಬಂದವರು ಒಂದೆರಡು ವಾರದಲ್ಲಿ ಕೋಟೆಗಳು, ಹಳೆಯ ಮಠಗಳು ಎಂದು ಇನ್ನೂ ನಾಲ್ಕಾರು ಕಡೆ ಹೋಗುವುದಿದ್ದರೆ ಹೊರದೇಶದವರಿಗಾಗಿಯೇ ಇರುವ 9 ಅಥವಾ 16 ದಿನದ ಪಾಸ್ ತೆಗೆದುಕೊಳ್ಳಿ. ಬಿಡಿ ಟಿಕೆಟ್‌ಗಳ ಲೆಕ್ಕದ ಮುಂದೆ ಅದೇ ಉಳಿತಾಯ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ಪ್ರವಾಸಿ ಬಸ್ಸಿನಲ್ಲಿ ಅರ್ಧ ಗಂಟೆ. ದಿನದ ಮೊದಲ ಪ್ರವೇಶಕ್ಕೆ ಹೋದರೆ ಲಂಡನ್ನಿನ ಟೂರ್ ಬಸ್ಸುಗಳು ಬಂದು ಸೇರುವ ಮೊದಲು ಕೊಂಚ ನೆಮ್ಮದಿ ಸಿಗುತ್ತದೆ. ಕೊನೆಯ ಪ್ರವೇಶ ಮುಚ್ಚುವುದಕ್ಕೆ ಎರಡು ಗಂಟೆ ಮೊದಲು. ಎಲ್ಲವನ್ನೂ ಸರಿಯಾಗಿ ನೋಡಲು ಆ ಎರಡು ಗಂಟೆ ಸಾಲದು. ಮೂರೂವರೆಯಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ.

2013ರ ಡಿಸೆಂಬರಿನಲ್ಲಿ ತೆರೆದ ಸಂದರ್ಶಕರ ಕೇಂದ್ರ ಕಲ್ಲುಗಳಿಂದ ಎರಡು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕಿದೆ. ಇಳಿದವರೆಲ್ಲ ನೇರ ಶಟಲ್ ಬಸ್ಸಿನ ಸಾಲಿಗೆ ಓಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಪ್ರದರ್ಶನಾಲಯಕ್ಕೆ ಹೋಗಿ. ಕಲ್ಲುಗಳ ಸುತ್ತಲಿನ ಕಂದಕ ತೋಡಲು ಬಳಸಿದ ಜಿಂಕೆ ಕೊಂಬಿನ ಪಿಕಾಸಿಗಳು ಅಲ್ಲಿವೆ. ಐದು ಸಾವಿರ ವರ್ಷಗಳ ಹಿಂದೆ ಜನ ಕೈಯಲ್ಲಿ ಹಿಡಿದು ಸುಣ್ಣದ ನೆಲ ಬಗೆದದ್ದು ಇವುಗಳಿಂದಲೇ. ಇದನ್ನು ನೋಡಿದ ಮೇಲೆ ಹೊಲದಲ್ಲಿ ಬರಿಯ ತಗ್ಗಿನಂತೆ ಕಾಣುವ ಕಂದಕ ಬೇರೆಯೇ ಆಗಿ ಕಾಣುತ್ತದೆ. ಹೊರಗೆ, ಹತ್ತಿರದ ಡರಿಂಗ್ಟನ್ ವಾಲ್ಸ್ ಎಂಬ ಪ್ರಾಚೀನ ನೆಲೆಯಲ್ಲಿ ಸಿಕ್ಕ ಮನೆಗಳ ತಳಹದಿಯನ್ನು ಅನುಸರಿಸಿ ಕಟ್ಟಿದ ಐದು ಹುಲ್ಲಿನ ಮನೆಗಳಿವೆ. ಸುಣ್ಣಮಣ್ಣಿನ ಗಾರೆಯ ಗೋಡೆ, ನಡುವೆ ಒಲೆ. ನಮ್ಮ ಹಳ್ಳಿಗಳ ಹಳೆಯ ಮನೆ ಕಂಡವರಿಗೆ ಒಳಗೆ ಕಾಲಿಟ್ಟ ಕೂಡಲೇ ಪರಿಚಿತ ಜಾಗ ಅನ್ನಿಸುತ್ತದೆ. ಶೌಚಾಲಯಕ್ಕೆ ಇಲ್ಲೇ ಹೋಗಿ ಬನ್ನಿ, ಕಲ್ಲುಗಳ ಬಳಿ ಅದಿಲ್ಲ. ನೆರಳೂ ಇಲ್ಲ, ಮಳೆ ಬಂದರೆ ನಿಲ್ಲಲು ಮರೆಯೂ ಇಲ್ಲ. ಬಯಲಿನ ಗಾಳಿ ಜೂನ್‌ನಲ್ಲೂ ಚುಚ್ಚುತ್ತದೆ. ಛತ್ರಿ ನಿಲ್ಲುವುದಿಲ್ಲ, ಟೋಪಿಯಿರುವ ಮಳೆ ಜಾಕೆಟ್ ಬೇಕು.

ಇನ್ನು ಬಸ್ಸು. ಅದು ನಿಮ್ಮನ್ನು ಪಶ್ಚಿಮದ ಕಡೆಯಿಂದ ತಂದು ಬಿಡುತ್ತದೆ. ಸ್ಟೋನ್‌ಹೆಂಜ್ ಕಟ್ಟಿದವರು ಬಂದದ್ದು ಈಶಾನ್ಯದಿಂದ, ಏವನ್ ನದಿಯ ದಡದಿಂದ ಏರಿ ಬರುವ ‘ಅವೆನ್ಯೂ’ ಎಂಬ ದಾರಿಯಲ್ಲಿ. ನಡೆಯುವ ಶಕ್ತಿಯಿದ್ದವರು ಮಧ್ಯದ ಫಾರ್ಗೋ ತೋಪಿನ ಬಳಿ ಇಳಿದುಕೊಳ್ಳಿ. ಕರ್ಸಸ್ ಎಂಬ ಉದ್ದನೆಯ ಪ್ರಾಚೀನ ಏರಿಯ ಪಕ್ಕದಲ್ಲಿ ಹುಲ್ಲುಗಾವಲು ದಾಟಿ ಪೂರ್ವಕ್ಕೆ ನಡೆದು, ಅವೆನ್ಯೂ ಸಿಕ್ಕಾಗ ನೈಋತ್ಯಕ್ಕೆ ತಿರುಗಿ. ತಗ್ಗಿನಲ್ಲಿರುವಾಗ ಕಲ್ಲುಗಳು ಕಣ್ಣಿಗೆ ಬೀಳುವುದಿಲ್ಲ. ಏರು ಹತ್ತುತ್ತಿದ್ದಂತೆ ಮೊದಲು ತೊಲೆಗಲ್ಲುಗಳ ನೆತ್ತಿ, ಆಮೇಲೆ ಕಂಬಗಳು, ಕೊನೆಗೆ ಇಡೀ ವರ್ತುಲ. ಈ ಮೆರವಣಿಗೆಯ ದಾರಿಯೇ ಪೂಜೆಯ ಅರ್ಧಭಾಗ ಎಂದು ನಮಗನ್ನಿಸುವುದು ಇಲ್ಲಿ ನಡೆದಾಗಲೇ. ಕೊನೆಯ ಸುಮಾರು ಅರ್ಧ ಕಿಲೋಮೀಟರ್ ನೆಟ್ಟಗೆ ಬೇಸಿಗೆ ಅಯನದ (ಅತಿ ಉದ್ದ ಹಗಲಿನ ದಿನ) ಸೂರ್ಯೋದಯ ಮತ್ತು ಚಳಿಗಾಲದ ಅಯನದ (ಅತಿ ಚಿಕ್ಕ ಹಗಲಿನ ದಿನ) ಸೂರ್ಯಾಸ್ತದ ರೇಖೆಯಲ್ಲೇ ಇದೆ. ಅದನ್ನು ಅಡ್ಡವಾಗಿ ಕಡಿದು ಹೋಗುತ್ತಿದ್ದ ಡಾಂಬರು ರಸ್ತೆಯನ್ನು 2013ರಲ್ಲಿ ಮುಚ್ಚಿ ಹುಲ್ಲು ಬೆಳೆಸಿದ್ದು ಈ ಜಾಗಕ್ಕೆ ಇತ್ತೀಚೆಗೆ ಆದ ಅತ್ಯಂತ ಒಳ್ಳೆಯ ಕೆಲಸ. ಬೇಲಿಯ ಹತ್ತಿರ ಬಂದ ಮೇಲೆ ಬಸ್ ನಿಲ್ಲುವ ಕಡೆಗೆ ಸುತ್ತಿ ಹೋಗಿ ಟಿಕೆಟ್ ತೋರಿಸಬೇಕು. ಮಳೆ ಬಿದ್ದ ಮರುದಿನ ಈ ದಾರಿ ಕೆಸರು, ದನ–ಕುರಿ ಮೇಯುತ್ತಿರುತ್ತವೆ. ಗಾಲಿಕುರ್ಚಿಯವರಿಗೂ ಮಂಡಿನೋವಿನವರಿಗೂ ಬಸ್ಸೇ ಸರಿ.

ಕಲ್ಲುಗಳ ಸುತ್ತ ನಡೆಯುವಾಗ ಎರಡು ಕಡೆ ನಿಲ್ಲಿ. ಮೊದಲನೆಯದು ಹೀಲ್ ಸ್ಟೋನ್ ಬಳಿ. ಚೆಕ್ಕೆ ಎಬ್ಬಿಸದೆ ಇದ್ದ ಹಾಗೇ ನಿಲ್ಲಿಸಿದ, ವಾಲಿಕೊಂಡಿರುವ ದೊಡ್ಡ ಬಂಡೆ ಅದು. ಅಲ್ಲಿಂದ ನೈಋತ್ಯಕ್ಕೆ ನೋಡಿದರೆ ಇಡೀ ಕಟ್ಟಡದ ಅಕ್ಷ ಕಣ್ಣ ಮುಂದೆ ಬರುತ್ತದೆ. ಎರಡನೆಯದು, ಅತಿ ಎತ್ತರದ ಒಂಟಿ ಕಂಬ ಕಾಣುವ ಜಾಗ. ನೆಲದ ಮೇಲೆ ಆರೂವರೆ ಮೀಟರಿಗೂ ಮಿಕ್ಕಿದ ಆ ಕಂಬದ ನೆತ್ತಿಯಲ್ಲಿ ಒಂದು ಗುಬಟು ಇದೆ, ಬರಿಗಣ್ಣಿಗೂ ಕಾಣುತ್ತದೆ. ಬಡಗಿಯವರು ಮರಕ್ಕೆ ಗೂಟ–ಗುಳಿ ಮಾಡಿ ಕೂಡಿಸುವ ಹಾಗೆಯೇ, ತೊಲೆಗಲ್ಲಿನ ಗುಳಿಗೆ ಸಿಕ್ಕಿಸಲು ಕಲ್ಲಿನಲ್ಲೇ ಕೆತ್ತಿದ ಗೂಟ ಅದು. ಜೋಡಿ ಕಂಬ ಬಿದ್ದುಹೋಗಿದೆ. ಹೊರವರ್ತುಲದಲ್ಲಿ ಒಂದು ತೊಲೆಗಲ್ಲಿನ ನಾಲಿಗೆಯನ್ನು ಇನ್ನೊಂದರ ತೋಡಿಗೆ ಸೇರಿಸಿ ಹೆಣೆದು, ವರ್ತುಲಕ್ಕೆ ತಕ್ಕ ಹಾಗೆ ಕೊಂಚ ಬಾಗಿಸಿಯೂ ಇದ್ದಾರೆ. ಕಬ್ಬಿಣ ಕಾಣದ ಕಾಲದ ಕೆಲಸ ಇದು, ಕಲ್ಲಿನಿಂದಲೇ ಕಲ್ಲು ಕುಟ್ಟಿ ಮಾಡಿದ್ದು. ಬೈನಾಕ್ಯುಲರ್ ಇದ್ದರೆ ತನ್ನಿ. ಹಗ್ಗದಾಚೆಯಿಂದ ಈ ವಿವರ ನೋಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆಡಿಯೊ ಗೈಡ್ ಕೇಳುವವರು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ಈ ಜಾಗ ಮೊದಲು ಸ್ಮಶಾನ. ಕ್ರಿ.ಪೂ. 3000ರ ಸುಮಾರಿಗೆ ನೂರು ಮೀಟರಿಗೂ ಮಿಕ್ಕ ಅಡ್ಡಳತೆಯ ಕಂದಕ ತೋಡಿದರು, ಒಳಗೆ 56 ಗುಂಡಿಗಳನ್ನು ಮಾಡಿದರು, ಸುಟ್ಟ ಅಸ್ಥಿಗಳನ್ನು ಇಲ್ಲಿ ಹೂಳಿದರು. ಸಾರ್ಸನ್ ಎಂಬ ಗಡುಸು ಮರಳುಗಲ್ಲಿನ ದೊಡ್ಡ ಕಂಬಗಳು ಬಂದದ್ದು ಇನ್ನೂ ಸುಮಾರು ಐನೂರು ವರ್ಷ ಕಳೆದ ಮೇಲೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 25 ಮಂದಿಯ ಅಸ್ಥಿ ಪರೀಕ್ಷಿಸಿದಾಗ 10 ಮಂದಿ ಈ ಸುಣ್ಣದ ನೆಲದವರಲ್ಲ ಎಂದು ತಿಳಿಯಿತು. ಅವರು ಬದುಕಿದ್ದು ಪಶ್ಚಿಮ ವೇಲ್ಸ್‌ನಲ್ಲಿ ಇರಬಹುದು. ‘ನೀಲಿಗಲ್ಲು’ ಎಂದು ಕರೆಯುವ ಇಲ್ಲಿನ ಚಿಕ್ಕ ಕಲ್ಲುಗಳು ಬಂದದ್ದೂ ಅಲ್ಲಿನ ಪ್ರೆಸೆಲಿ ಬೆಟ್ಟಗಳಿಂದಲೇ, 200 ಕಿಲೋಮೀಟರಿಗೂ ಮಿಕ್ಕ ದೂರದಿಂದ. ದೊಡ್ಡ ಸಾರ್ಸನ್‌ಗಳು ಮಾತ್ರ ಹತ್ತಿರದವು: ಸುಮಾರು 25 ಕಿಲೋಮೀಟರ್ ಉತ್ತರದ ವೆಸ್ಟ್ ವುಡ್ಸ್‌ನವು ಎಂದು 2020ರಲ್ಲಿ ಗೊತ್ತಾಯಿತು. ನಡುವೆ ಮಲಗಿರುವ ಆರು ಟನ್ನಿನ ‘ಆಲ್ಟರ್ ಸ್ಟೋನ್’ ಸ್ಕಾಟ್ಲೆಂಡಿನ ಈಶಾನ್ಯದ್ದು ಎಂದು 2024ರಲ್ಲಿ ತಿಳಿದುಬಂತು. ಇದಕ್ಕೆ ಮೊದಲು ಅಚ್ಚಾದ ಕೈಪಿಡಿಗಳಲ್ಲಿ ಅದನ್ನೂ ವೇಲ್ಸ್‌ನದೆಂದೇ ಬರೆದಿರುತ್ತದೆ. ಹಳೆಯ ಪುಸ್ತಕ ಹಿಡಿದು ಹೋಗುವವರು ಗಮನಿಸಿ.

ಪುರಾತತ್ತ್ವಜ್ಞ ಮೈಕ್ ಪಾರ್ಕರ್ ಪಿಯರ್ಸನ್, ಮಡಗಾಸ್ಕರಿನ ತಮ್ಮ ಸಹೋದ್ಯೋಗಿ ರಮಿಲಿಸೊನಿನ ಕೊಟ್ಟ ಸುಳಿವಿನ ಮೇಲೆ, ಮರ ಬದುಕಿರುವವರದು, ಕಲ್ಲು ಗತಿಸಿದ ಹಿರಿಯರದು ಎಂಬ ವಾದ ಮಂಡಿಸಿದರು. ಸುಮಾರು ಮೂರು ಕಿಲೋಮೀಟರ್ ದೂರದ ಡರಿಂಗ್ಟನ್ ವಾಲ್ಸ್‌ನಲ್ಲಿ ಮರದ ಕಂಬಗಳ ವರ್ತುಲ, ಮನೆಗಳು, ಹಬ್ಬದೂಟದ ಎಲುಬುಗಳ ರಾಶಿ. ಇಲ್ಲಿ ಕಲ್ಲು ಮತ್ತು ಅಸ್ಥಿ. ಎರಡನ್ನೂ ಕೂಡಿಸುವುದು ನದಿ. ಸತ್ತವರಿಗೆ ವೀರಗಲ್ಲು, ಮಾಸ್ತಿಗಲ್ಲು ನಿಲ್ಲಿಸಿದ ನಾಡಿನವರಿಗೆ ಈ ಮಾತು ತಟ್ಟನೆ ಹಿಡಿಸುತ್ತದೆ. ವಿದ್ವಾಂಸರೆಲ್ಲ ಒಪ್ಪಿದ ಮಾತಲ್ಲ, ಆದರೆ ಜಾಗವನ್ನು ನೋಡಲು ಇದಕ್ಕಿಂತ ಒಳ್ಳೆಯ ಕಣ್ಣು ಸಿಕ್ಕಿಲ್ಲ. ಇದಕ್ಕೆ ಪ್ರತಿಯಾಗಿ ಡ್ರೂಯಿಡ್ ಎಂಬ ಪುರೋಹಿತರು ಇದನ್ನು ಕಟ್ಟಿದರೆಂಬ ಕಥೆಯನ್ನು ಬದಿಗಿಡಿ. ಅವರು ಕಬ್ಬಿಣ ಯುಗದವರು, ಕಲ್ಲು ನಿಂತು ಎರಡು ಸಾವಿರ ವರ್ಷ ಕಳೆದ ಮೇಲಿನವರು. ಹದಿನೇಳು–ಹದಿನೆಂಟನೇ ಶತಮಾನದಲ್ಲಿ ಜಾನ್ ಆಬ್ರಿ, ವಿಲಿಯಂ ಸ್ಟೂಕ್ಲಿ ಎಂಬ ಪ್ರಾಚೀನ ವಸ್ತುಗಳ ಆಸಕ್ತರು ಈ ಪುರೋಹಿತರನ್ನು ಸ್ಟೋನ್‌ಹೆಂಜ್‌ಗೆ ಗಂಟು ಹಾಕಿದರು. ‘ಸ್ಲಾಟರ್ ಸ್ಟೋನ್’ ಎಂಬ ಬಿದ್ದ ಕಲ್ಲಿನ ಮೇಲೆ ನಿಂತ ಮಳೆನೀರು ಕೆಂಪಾಗುವುದು ಕಲ್ಲಿನಲ್ಲಿರುವ ಕಬ್ಬಿಣದ ಅಂಶದಿಂದ. ನರಬಲಿಯ ಗುರುತಲ್ಲ ಅದು.

ಒಳಗೇ ಹೋಗಬೇಕು ಎನ್ನುವವರಿಗೆ ‘ಸ್ಟೋನ್ ಸರ್ಕಲ್ ಎಕ್ಸ್‌ಪೀರಿಯನ್ಸ್’ ಎಂಬ ಬೇರೆ ಟಿಕೆಟ್ ಇದೆ. ಬಾಗಿಲು ತೆರೆಯುವ ಮೊದಲು ಅಥವಾ ಮುಚ್ಚಿದ ಮೇಲೆ ಸುಮಾರು ಒಂದು ಗಂಟೆ, ಸಣ್ಣ ಗುಂಪಿನಲ್ಲಿ ಒಳಗೆ ಬಿಡುತ್ತಾರೆ. ಮುಟ್ಟುವಂತಿಲ್ಲ, ಒರಗುವಂತಿಲ್ಲ. ದುಬಾರಿ ನಿಜ, ಬಹಳ ಮುಂಚೆಯೇ ಮುಗಿದೂ ಹೋಗುತ್ತದೆ. ಆದರೂ ಇತಿಹಾಸದಲ್ಲಿ ಆಸಕ್ತಿ ಇದ್ದವರು ಬೇರೆ ಯಾವುದಾದರೂ ಖರ್ಚು ಕಡಿಮೆ ಮಾಡಿ ಇದನ್ನೇ ಕೊಳ್ಳಿ. 53ನೇ ಸಂಖ್ಯೆಯ ಕಂಬದ ಒಳಮೈಯಲ್ಲಿ ಕಠಾರಿ ಮತ್ತು ಕೊಡಲಿಗಳ ಕೆತ್ತನೆ ಇದೆ. ಕಂಚಿನ ಯುಗದವು ಇವು, ಕಣ್ಣಿಗೆ ಬಿದ್ದದ್ದು 1953ರಲ್ಲಿ. ಓರೆ ಬಿಸಿಲಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತವೆ, ಹೊರದಾರಿಯಿಂದ ಕಾಣುವುದೇ ಇಲ್ಲ. ಬೆಳಗಿನ ಗುಂಪು ಹೋಗುವ ಹೊತ್ತಿಗೆ ಪ್ರದರ್ಶನಾಲಯ ತೆರೆದಿರುವುದಿಲ್ಲ, ಹಾಗಾಗಿ ಓದಿಕೊಂಡೇ ಹೋಗಬೇಕು.

ಜೂನ್ 21ರ ಸುಮಾರಿಗೆ ಬೇಸಿಗೆ ಅಯನದ ರಾತ್ರಿ ಪ್ರವೇಶ ಉಚಿತ, ಒಳಗೂ ಬಿಡುತ್ತಾರೆ. ಸಾವಿರಾರು ಜನ, ಡೊಳ್ಳು–ನಗಾರಿ, ವಾಹನ ನಿಲ್ಲಿಸಲು ಪರದಾಟ. ಹಬ್ಬದ ಗದ್ದಲ ಬೇಕಿದ್ದವರಿಗೆ ಅದು ಸರಿ. ಕಲ್ಲು ನೋಡುವವರಿಗೆ ಡಿಸೆಂಬರೇ ಲೇಸು. ಡರಿಂಗ್ಟನ್‌ನಲ್ಲಿ ಸಿಕ್ಕ ಹಂದಿಗಳ ಹಲ್ಲು ನೋಡಿದರೆ ಅವುಗಳಲ್ಲಿ ಬಹಳಷ್ಟನ್ನು ಸುಮಾರು ಒಂಬತ್ತು ತಿಂಗಳಿಗೆ ಕಡಿದಿದ್ದಾರೆ. ವಸಂತದಲ್ಲಿ ಹುಟ್ಟಿದ ಮರಿಗೆ ಒಂಬತ್ತು ತಿಂಗಳು ತುಂಬುವುದು ಚಳಿಗಾಲದ ನಡುವೆ. ಊರೂರಿನ ಜನ ಸೇರುತ್ತಿದ್ದ ದೊಡ್ಡ ಹಬ್ಬ ಆಗಲೇ, ನಮ್ಮ ಲೆಕ್ಕದಲ್ಲಿ ಸೂರ್ಯ ಉತ್ತರಕ್ಕೆ ಹೊರಳುವ ಹೊಸ್ತಿಲಲ್ಲಿ. ಆದರೆ ಚಳಿಗಾಲದ ಉಚಿತ ಪ್ರವೇಶ ಇರುವುದು ಸೂರ್ಯೋದಯಕ್ಕೆ. ಕಲ್ಲುಗಳ ಅಕ್ಷ ತೋರುವುದು ಸೂರ್ಯಾಸ್ತವನ್ನು. ಹಾಗಾಗಿ ಅಂದೇ ಹೋಗಬೇಕೆಂದಿಲ್ಲ. ಅಯನದ ಹಿಂದಿನ–ಮುಂದಿನ ನಾಲ್ಕೈದು ದಿನ ಸೂರ್ಯ ಮುಳುಗುವ ಜಾಗ ಕಣ್ಣಿಗೆ ತಿಳಿಯುವಷ್ಟು ಸರಿಯುವುದಿಲ್ಲ. ಯಾವುದಾದರೂ ಮೋಡವಿಲ್ಲದ ದಿನ, ಸಾಮಾನ್ಯ ಟಿಕೆಟ್ಟಿನಲ್ಲೇ, ಮಧ್ಯಾಹ್ನ ಒಂದು ಗಂಟೆಯೊಳಗೆ ಕೇಂದ್ರ ತಲುಪಿ. ಸೂರ್ಯಾಸ್ತ ನಾಲ್ಕರ ಸುಮಾರಿಗೆ. ಮೂರೂವರೆಗೆ ಹೀಲ್ ಸ್ಟೋನ್ ಬಳಿ ನಿಂತಿರಿ.

ಸದ್ದಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ದಕ್ಷಿಣಕ್ಕೆ ತೀರ ಹತ್ತಿರದಲ್ಲೇ ಎ303 ಹೆದ್ದಾರಿ, ಲಾರಿಗಳ ಮೊರೆತ ಬಿಡುವುದಿಲ್ಲ. ಅದನ್ನು ಸುರಂಗಕ್ಕಿಳಿಸುವ ಯೋಜನೆಯನ್ನು ಸರ್ಕಾರ 2024ರ ಜುಲೈನಲ್ಲಿ ಕೈಬಿಟ್ಟಿತು. ಮೌನ ಬೇಕಿದ್ದವರು, ಕಲ್ಲು ಮುಟ್ಟಲೇಬೇಕೆನ್ನುವವರು ಉತ್ತರದ ಏವ್‌ಬರಿಗೆ ಹೋಗಿ. ಸ್ಟೋನ್‌ಹೆಂಜ್‌ಗಿಂತ ಎಷ್ಟೋ ಪಾಲು ದೊಡ್ಡ ವರ್ತುಲ, ಒಳಗೆ ಒಂದು ಹಳ್ಳಿಯೇ ಇದೆ, ಟಿಕೆಟ್ ಇಲ್ಲ, ಹಗ್ಗವಿಲ್ಲ. ಎರಡನ್ನೂ ಒಂದೇ ದಿನ ನೋಡಲು ಕಾರು ಬೇಕು. ರೈಲು–ಬಸ್ಸು ನಂಬಿ ಹೊರಟವರಿಗೆ ಒಂದೇ ಸಾಕು. ಕಾರಿಲ್ಲದವರು ಉಳಿದ ಹೊತ್ತನ್ನು ಸಾಲ್ಸ್‌ಬರಿ ವಸ್ತುಸಂಗ್ರಹಾಲಯಕ್ಕೆ ಕೊಡಿ: ಸ್ಟೋನ್‌ಹೆಂಜ್ ಹತ್ತಿರ 2002ರಲ್ಲಿ ಸಿಕ್ಕ, ಪ್ರಾಚೀನ ಕಾಲದ ‘ಏಮ್ಸ್‌ಬರಿ ಬಿಲ್ಲುಗಾರ’ನ ಸಮಾಧಿ, ಅವನ ಬಾಣದ ಮೊನೆಗಳು, ಚಿನ್ನದ ಪುಟ್ಟ ಆಭರಣಗಳ ಜತೆಗೆ ಅಲ್ಲಿದೆ. ಅವನು ಬೆಳೆದದ್ದು ಆಲ್ಪ್ಸ್ ಸೀಮೆಯಲ್ಲಿ ಎಂದು ಹಲ್ಲಿನ ಪರೀಕ್ಷೆ ಹೇಳಿತು. ಸಂಗ್ರಹಾಲಯ ಇರುವುದು ಕೆಥೆಡ್ರಲ್ ಎದುರಿಗೇ, ನಿಲ್ದಾಣದಿಂದ ನಡೆದೇ ಹೋಗಬಹುದು.