ಸ್ಟ್ಯಾಟಿಕ್ ಗ್ರಾಸ್ ಅಪ್ಲಿಕೇಟರ್: ಬೇಸಿಗೆಯಲ್ಲಿ ಬಂಗಾರ, ಮಳೆಗಾಲದಲ್ಲಿ ತಲೆನೋವು

ಡಯೊರಾಮಾದ, ಅಂದರೆ ಪುಟ್ಟ ಮಾದರಿ ದೃಶ್ಯದ, ನೆಲಕ್ಕೆ ಸ್ಥಿರ ವಿದ್ಯುತ್ತಿನಿಂದ ನೈಲಾನ್ ಹುಲ್ಲು ನೆಡುವ ಈ ಯಂತ್ರ ತಗೊಂಡು ಕೆಲವು ಮಳೆಗಾಲ ಕಳೆದಿವೆ. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವ ಅಗ್ಗದ ಮಾದರಿ. ಇಂಥವು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ, ಹಾಗಾಗಿ ಕಂಪನಿ ಹೆಸರು ಬೇಡ.

ನಾನು ಕಟ್ಟುತ್ತಿರುವುದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲು ದಾರಿಯ ಒಂದು ತುಂಡು. ಎಡಕುಮೇರಿ ಹತ್ತಿರದ್ದು, 1:87 ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. 57 ಸುರಂಗಗಳ ಆ ದಾರಿಯಲ್ಲಿ ಒಮ್ಮೆ ಹೋದರೂ ಸಾಕು, ಒದ್ದೆ ಮಣ್ಣು, ಪಾಚಿ ಹಿಡಿದ ಬಂಡೆ, ಹಳಿ ಪಕ್ಕದ ಹುಲ್ಲು ಕಣ್ಣಲ್ಲೇ ಉಳಿದುಬಿಡುತ್ತವೆ. ನೆಲ ಸರಿ ಬರದಿದ್ದರೆ ಎಷ್ಟು ಒಳ್ಳೆಯ ಎಂಜಿನ್ ಇಟ್ಟರೂ ಅದು ಆಟಿಕೆಯೇ.

ನೆಲದ ಕೆಲಸ ನನಗೆ ಭಾನುವಾರ ಬೆಳಿಗ್ಗೆಯದು. ಥರ್ಮಾಕೋಲ್ ಕೊರೆದು ಏರು ಮಾಡುತ್ತೇನೆ. ಘಾಟಿಯ ಏರು 50ಕ್ಕೆ 1, ಅಂದರೆ 50 ಸೆಂ.ಮೀ. ಬೇಸ್‌ಗೆ 1 ಸೆಂ.ಮೀ. ಮಾತ್ರ. ಆಮೇಲೆ ಮಣ್ಣು. ಹಿತ್ತಲಿನ ಕೆಂಪು ಮಣ್ಣನ್ನು ಹಳೇ ಬಾಣಲೆಯಲ್ಲಿ ಹುರಿದು, ಟೀ ಸೋಸುವ ಜರಡಿಯಲ್ಲಿ ಜಾಲಿಸುತ್ತೇನೆ. ಪ್ಲಾಸ್ಟಿಕ್ ಕವರ್ ಸುತ್ತಿದ ಅಯಸ್ಕಾಂತವನ್ನು ಆ ಪುಡಿಯಲ್ಲಿ ನಿಧಾನಕ್ಕೆ ಆಡಿಸಿದರೆ ಕಪ್ಪು ಹುಡಿ ಮುತ್ತಿಕೊಳ್ಳುತ್ತದೆ. ಕವರ್ ತಿರುಗಿಸಿ ತೆಗೆದರೆ ಹುಡಿ ಒಳಗೇ ಉಳಿಯುತ್ತದೆ. ನಮ್ಮ ಮುರಕಲ್ಲು ಮಣ್ಣಲ್ಲಿ ಕಬ್ಬಿಣ ಜಾಸ್ತಿ. ಈ ಹುಡಿ ತೆಗೆಯದಿದ್ದರೆ ಮಾದರಿ ಎಂಜಿನ್ನಿನ ಮೋಟರಿನ ಅಯಸ್ಕಾಂತಕ್ಕೆ ಹೋಗಿ ಅಂಟುತ್ತದೆ. ಮಣ್ಣು ಕೂರಿಸಲು ನೀರು ಬೆರೆಸಿದ ಫೆವಿಕಾಲ್, ಜೊತೆಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಅಂಟು ಬಿದ್ದ ಮೇಲೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಅದಕ್ಕೇ ಬೇಕಾದ್ದಕ್ಕಿಂತ ಸ್ವಲ್ಪ ತಿಳಿ ಮಣ್ಣನ್ನೇ ಆರಿಸಿ.

ಹುಲ್ಲಿಗೆ ಫೆವಿಕಾಲ್ ದಪ್ಪಗೇ ಇರಲಿ. ಹಸಿ ಅಂಟಿಗೆ ಒಂದು ಮೊಳೆ ಚುಚ್ಚಿ ಅದಕ್ಕೆ ಯಂತ್ರದ ಕ್ಲಿಪ್ ಸಿಕ್ಕಿಸಬೇಕು. ನೈಲಾನ್ ಎಳೆ ತುಂಬಿದ ಜಾಲರಿಯನ್ನು ಒಂದಿಂಚು ಮೇಲೆ ಹಿಡಿದು ಅಲ್ಲಾಡಿಸಿದರೆ, ಚಳಿಗೆ ಮೈ ಕೂದಲು ಎದ್ದ ಹಾಗೆ ಹುಲ್ಲು ನೆಟ್ಟಗೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗಿಲ್ಲ. ಮೊದಲು 2 ಮಿ.ಮೀ. ಹಸಿರು, ಮೇಲೆ ಅಲ್ಲಲ್ಲಿ 4 ಮಿ.ಮೀ. ಒಣಹುಲ್ಲಿನ ಬಣ್ಣ. ಈ ಅಳತೆಯಲ್ಲಿ 4 ಮಿ.ಮೀ. ಅಂದರೆ ಸುಮಾರು 35 ಸೆಂ.ಮೀ. ಹುಲ್ಲು, ಹಳಿ ಪಕ್ಕಕ್ಕೆ ಸರಿಯಾಗಿದೆ.

ಇಲ್ಲಿಯವರೆಗೆ ಖುಷಿ. ಜೂನ್ ಬರಲಿ, ಇದೇ ಯಂತ್ರ ಮೊಂಡಾಟ ಶುರು ಮಾಡುತ್ತದೆ. ಕರಾವಳಿಯ ಗಾಳಿಗೆ ಎಳೆಗಳು ತೇವ ಹೀರಿ ಜಾಲರಿಯಲ್ಲೇ ಗಂಟು ಕಟ್ಟುತ್ತವೆ. ಹುಲ್ಲು ಬೀಳಬೇಕಾದ ಕಡೆ ಮುದ್ದೆ ಬೀಳುತ್ತದೆ. ಅಂಟು ಬಳಿದಾಗಿರುತ್ತದೆ, ಕಾಯುವ ಹಾಗಿಲ್ಲ, ಒರೆಸಿದರೆ ಕೆಳಗಿನ ಮಣ್ಣೂ ಬರುತ್ತದೆ. ಜೊತೆಗೆ ಬ್ಯಾಟರಿ ಸ್ವಲ್ಪ ಇಳಿದರೂ 6 ಮಿ.ಮೀ. ಎಳೆ ಮಲಗಿಬಿಡುತ್ತದೆ. ಈ ಯಾವ ಮಾತೂ ಡಬ್ಬಿಯ ಕಾಗದದಲ್ಲಿಲ್ಲ. ಕ್ಲಿಪ್ಪಿನ ವೈರ್ ಕಿತ್ತುಬಂದಾಗ ಮಾರಿದವರನ್ನು ಕೇಳಿದೆ, ಹೊಸದು ತಗೊಳ್ಳಿ ಅಂದರು. ಒಂದು ಬೆಸುಗೆಯ ಕೆಲಸಕ್ಕೆ ಹೊಸ ಯಂತ್ರ ಯಾಕೆ? ತುಂಬಾ ಬೇಸರವಾಯಿತು. ಬೆಸುಗೆ ನಾನೇ ಹಾಕಿಕೊಂಡೆ, ಇವತ್ತಿಗೂ ಗಟ್ಟಿಯಾಗಿದೆ.

ಗಂಟಿಗೂ ದಾರಿ ಇದೆ. ಎಳೆಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಳಸುವ ಮೊದಲು ಬೆರಳಲ್ಲಿ ಬಿಡಿಸಿ, ಜಾಲರಿಯನ್ನು ಅರ್ಧ ಮಾತ್ರ ತುಂಬಿ. ಅಂಟು ಬಳಿಯುವುದಕ್ಕೆ ಮುಂಚೆ ಒಂದು ಕಾಗದದ ಮೇಲೆ ಅಲ್ಲಾಡಿಸಿ ನೋಡಿ. ಹೀಗೆ ಮಾಡಿದ ಮೇಲೆ ಆಗಸ್ಟ್‌ನಲ್ಲೂ ಕೆಲಸ ನಿಂತಿಲ್ಲ.

1:35 ಅಳತೆಯ ಒಂದೇ ಯುದ್ಧ ಟ್ಯಾಂಕ್ ಮಾದರಿಗೆ ಅಂಗೈಯಗಲ ನೆಲ ಸಾಕು ಅನ್ನುವವರು ಇದನ್ನು ಕೊಳ್ಳಬೇಡಿ, ಅಂಟಿಸುವ ರೆಡಿಮೇಡ್ ಹುಲ್ಲುಕಂತೆ ಸಾಕು. ಸೊಳ್ಳೆ ಬ್ಯಾಟ್ ಬಿಚ್ಚಿ ಟೀ ಜರಡಿ ಕಟ್ಟಿ ಇದನ್ನೇ ಮಾಡಿಕೊಳ್ಳುವವರೂ ಇದ್ದಾರೆ. ಖರ್ಚು ಕಡಿಮೆ, ನಿಜ. ಆದರೆ ಸ್ವಿಚ್ ಬಿಟ್ಟ ಮೇಲೂ ಅದು ಶಾಕ್ ಹೊಡೆಯಬಹುದು. ಮಕ್ಕಳಿರುವ ಮನೆಯಲ್ಲಿ ಬೇಡ. ನನ್ನ ಹಾಗೆ ಅಡಿಗಟ್ಟಲೆ ಹುಲ್ಲು ಬೇಕಾದವರಿಗೆ, ಬಜೆಟ್ಟೂ ಅಷ್ಟಕ್ಕಷ್ಟೇ ಆದರೆ, ಇದೇ ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ. ವೈರ್ ಗಟ್ಟಿಯಿದ್ದಿದ್ದರೆ ನಾಲ್ಕು ಕೊಡುತ್ತಿದ್ದೆ.